ಮುದ್ರೆ ಬಿದ್ದ ಕಾಗದ: ತೆಲಗಿಯ ವಂಚನೆ, ಅದರ ತನಿಖೆ

ನಕಲಿ ಛಾಪಾ ಕಾಗದದ ಹಗರಣ ಕರ್ನಾಟಕದ ಗಡಿ ತಾಲ್ಲೂಕಿನ ಒಬ್ಬ ಹುಡುಗನಿಂದ ಹುಟ್ಟಿ, ಮುಂಬೈಯಲ್ಲಿ ಬೆಳೆದು, ಬೆಂಗಳೂರಿನಲ್ಲಿ ಬಯಲಾದ ವಂಚನೆ. ಅದನ್ನು ನಡೆಸಿದವನು ಅಬ್ದುಲ್ ಕರೀಂ ತೆಲಗಿ. ಅದರ ಬೆನ್ನು ಹತ್ತಿದ್ದು ಕರ್ನಾಟಕ ಪೊಲೀಸರ ‘ಸ್ಟಾಂಪಿಟ್’ ಎಂಬ ವಿಶೇಷ ತನಿಖಾ ತಂಡ. ಅದರ ಮುಖ್ಯಸ್ಥರು ಐಪಿಎಸ್ ಅಧಿಕಾರಿ ಆರ್. ಶ್ರೀಕುಮಾರ್. ತೆಲಗಿ ಬಂದೂಕು ಹಿಡಿದವನಲ್ಲ, ಬ್ಯಾಂಕಿಗೆ ಕನ್ನ ಹಾಕಿದವನೂ ಅಲ್ಲ. ಮಾತು, ವಿನಯ ಮತ್ತು ಒಂದು ಮುದ್ರಣ ಯಂತ್ರ, ಇಷ್ಟೇ ಆತನ ಬಂಡವಾಳ. ಆತ ಹೇಗೆ ಗೆದ್ದ, ಹೇಗೆ ಸಿಕ್ಕಿಬಿದ್ದ ಎಂಬುದು ತಿಳಿಯಬೇಕಾದರೆ ಛಾಪಾ ಕಾಗದ ಎಂದರೇನು ಎಂಬಲ್ಲಿಂದ ಶುರು ಮಾಡಬೇಕು.

ಛಾಪಾ ಕಾಗದ ಏಕೆ ಬಂತು

ಮನೆ, ಜಮೀನು ಮಾರಿದಾಗ, ಬಾಡಿಗೆ ಕರಾರು ಮಾಡಿಕೊಂಡಾಗ, ಸಾಲಪತ್ರ ಬರೆದುಕೊಟ್ಟಾಗ ಸರ್ಕಾರಕ್ಕೆ ಸಲ್ಲಬೇಕಾದ ತೆರಿಗೆಯೇ ಮುದ್ರಾಂಕ ಶುಲ್ಕ. ದಸ್ತಾವೇಜಿನ ಮೇಲೆ ತೆರಿಗೆ ಹಾಕುವ ಈ ಉಪಾಯ 1624ರಲ್ಲಿ ಹಾಲೆಂಡಿನಲ್ಲಿ ಹುಟ್ಟಿತು. 1694ರಲ್ಲಿ ಇಂಗ್ಲೆಂಡ್ ಅದನ್ನು ಅಳವಡಿಸಿಕೊಂಡಿತು. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಭಾರತಕ್ಕೂ ಬಂತು. ಇಂದಿಗೂ ಜಾರಿಯಲ್ಲಿರುವ ಭಾರತೀಯ ಮುದ್ರಾಂಕ ಕಾಯ್ದೆ 1899ರದ್ದು. ನಮ್ಮ ರಾಜ್ಯಕ್ಕೆ 1957ರ ಪ್ರತ್ಯೇಕ ಕಾಯ್ದೆಯಿದೆ.

ಈ ತೆರಿಗೆಯನ್ನು ವಸೂಲಿ ಮಾಡಲು ಕಂಡುಕೊಂಡ ಸುಲಭ ದಾರಿಯೇ ಛಾಪಾ ಕಾಗದ. ತೆರಿಗೆಯ ಮೊತ್ತವನ್ನು ಕಾಗದದ ಮೇಲೆಯೇ ಅಚ್ಚು ಹಾಕಿ ಮಾರುವುದು. ಕೊಂಡವರು ಅದರ ಮೇಲೆ ಪತ್ರ ಬರೆಸಿಕೊಳ್ಳುವುದು. ಜನ ಇದನ್ನು ‘ಬಾಂಡ್ ಪೇಪರ್’ ಎಂದೇ ಕರೆಯುತ್ತಾರೆ. ಬಂಗಾರಪೇಟೆಯಲ್ಲಿ ನಿವೇಶನ ಕೊಳ್ಳುವವರಿರಲಿ, ಖಾನಾಪುರದಲ್ಲಿ ಗದ್ದೆ ಮಾರುವವರಿರಲಿ, ಉಪನೋಂದಣಾಧಿಕಾರಿ ಕಚೇರಿಯ ಮುಂದೆ ಕೂತ ಪತ್ರ ಬರಹಗಾರರ ಬಳಿ ಹೋದಾಗ ಮೊದಲು ಕೈಗೆ ಬರುತ್ತಿದ್ದುದು ಈ ಕಾಗದ.

ಇವು ಅಚ್ಚಾಗುತ್ತಿದ್ದುದು ನಾಸಿಕ್‌ನ ಭಾರತ ಭದ್ರತಾ ಮುದ್ರಣಾಲಯದಂಥ ಸರ್ಕಾರಿ ಮುದ್ರಣಾಲಯಗಳಲ್ಲಿ. ಅಲ್ಲಿಂದ ರಾಜ್ಯದ ಖಜಾನೆಗೆ, ಖಜಾನೆಯಿಂದ ಪರವಾನಗಿ ಪಡೆದ ಸ್ಟಾಂಪ್ ವೆಂಡರ್‌ಗೆ, ವೆಂಡರ್‌ನಿಂದ ಜನರಿಗೆ. ಕ್ರಯಪತ್ರಗಳ ಕಾಗದವಷ್ಟೇ ಅಲ್ಲ, ಷೇರು ವರ್ಗಾವಣೆಗೆ, ವಿಮಾ ಪಾಲಿಸಿಗೆ, ನೋಟರಿಗಳಿಗೆ ಬೇಕಾದ ಅಂಟಿಸುವ ಮುದ್ರಾಂಕಗಳೂ ಇದೇ ದಾರಿಯಲ್ಲಿ ಬರುತ್ತಿದ್ದವು. ನೂರು ರೂಪಾಯಿಯ ಛಾಪಾ ಕಾಗದಕ್ಕೆ ನೂರು ರೂಪಾಯಿಯ ನೋಟಿನಷ್ಟೇ ಬೆಲೆ. ಆದರೆ ನೋಟಿಗಿದ್ದ ಕಾವಲು ಅದಕ್ಕಿರಲಿಲ್ಲ.

ಖಾನಾಪುರದ ರೈಲು ನಿಲ್ದಾಣ

ತೆಲಗಿ ಹುಟ್ಟಿದ್ದು 1961ರಲ್ಲಿ, ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ. ತಂದೆ ರೈಲ್ವೆಯಲ್ಲಿ ಕೆಳದರ್ಜೆಯ ನೌಕರ. ಮಕ್ಕಳು ಚಿಕ್ಕವರಿರುವಾಗಲೇ ತೀರಿಕೊಂಡರು. ಮನೆ ನಡೆಸಲು ಹುಡುಗ ರೈಲಿನಲ್ಲಿ ಹಣ್ಣು ಮಾರಿದ. ರೈಲು ನಿಲ್ಲುವ ಒಂದೆರಡು ನಿಮಿಷದಲ್ಲಿ ಗಿರಾಕಿಯ ಮುಖ ನೋಡಿ ಮಾತು ಶುರು ಮಾಡಿ, ಬೆಲೆ ಕುದುರಿಸಿ, ಚಿಲ್ಲರೆ ಕೊಟ್ಟು ಮುಗಿಸಬೇಕಾದ ವ್ಯಾಪಾರ ಅದು. ಹೀಗೆ ದುಡಿಯುತ್ತಲೇ ಶಾಲೆ ಮುಗಿಸಿ, ಬೆಳಗಾವಿಯಲ್ಲಿ ಬಿ.ಕಾಂ. ಪದವಿಯನ್ನೂ ಪಡೆದ.

ಅಲ್ಲಿಂದ ಮುಂಬೈ, ಮುಂಬೈಯಿಂದ ಸೌದಿ ಅರೇಬಿಯಾ. ಕೆಲ ವರ್ಷಗಳ ನಂತರ ಮರಳಿ ಬಂದು ಮುಂಬೈಯಲ್ಲಿ ಕೊಲ್ಲಿ ರಾಷ್ಟ್ರಗಳಿಗೆ ಕೂಲಿಗಳನ್ನು ಕಳಿಸುವ ಏಜೆನ್ಸಿ ತೆರೆದ. ಕಾಗದಪತ್ರ ಸರಿಯಿಲ್ಲದವರನ್ನೂ ವಿಮಾನ ಹತ್ತಿಸಲು ನಕಲಿ ದಾಖಲೆ ಮಾಡಿಕೊಡುವುದು ಆ ದಂಧೆಯ ಒಳಗುಟ್ಟು. ಇದೇ ಆರೋಪದ ಮೇಲೆ 1990ರ ದಶಕದ ಆರಂಭದಲ್ಲಿ ಬಂಧಿತನಾದ. ಜೈಲಿನಲ್ಲಿ ಪರಿಚಯವಾದ ಒಬ್ಬ ಕೈದಿಗೆ ಮುದ್ರಾಂಕದ ವ್ಯಾಪಾರ ಗೊತ್ತಿತ್ತು. ಹೊರಬರುವಷ್ಟರಲ್ಲಿ ತೆಲಗಿಗೆ ಹೊಸ ಕಸುಬು ಸಿಕ್ಕಿತ್ತು.

ನಕಲಿಯ ಕಾರ್ಖಾನೆ

1994ರಲ್ಲಿ ತೆಲಗಿ ಮುಂಬೈಯಲ್ಲಿ ಸ್ಟಾಂಪ್ ವೆಂಡರ್ ಪರವಾನಗಿ ಪಡೆದ. ಪರವಾನಗಿ ಅಸಲಿ. ಅದರ ಮರೆಯಲ್ಲಿ ಮಾರಿದ್ದು ಮೊದಮೊದಲು ಅಸಲಿಯ ಜೊತೆ ಬೆರೆಸಿದ ನಕಲಿ. ಆಮೇಲೆ ಬರೀ ನಕಲಿ. ನಾಸಿಕ್ ಮುದ್ರಣಾಲಯ ಬಳಕೆಯಿಂದ ತೆಗೆದ ಹಳೆಯ ಯಂತ್ರಗಳು ಆತನ ಕೈಸೇರಿದವು. ಗುಜರಿಗೆ ಹೋಗಬೇಕಿದ್ದ ಯಂತ್ರಗಳು ಮುಂಬೈಯ ಮುದ್ರಣಾಲಯವೊಂದರಲ್ಲಿ ಮತ್ತೆ ಸದ್ದು ಮಾಡಿದವು. ನಕಲಿ ಮಾಲು ಅಸಲಿಯನ್ನೇ ಹೋಲುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಅಚ್ಚು ಹಾಕುವುದು ಅರ್ಧ ಕೆಲಸ, ಮಾರುವುದು ಉಳಿದರ್ಧ. ಅದರಲ್ಲಿ ತೆಲಗಿಯನ್ನು ಮೀರಿಸುವವರಿರಲಿಲ್ಲ. ಬಿಡಿ ಗಿರಾಕಿಗಳ ಹಿಂದೆ ಆತ ಹೋಗಲಿಲ್ಲ. ಒಂದೇ ಸಲಕ್ಕೆ ಲಕ್ಷಗಟ್ಟಲೆ ರೂಪಾಯಿಯ ಮುದ್ರಾಂಕ ಬೇಕಾಗುವ ಬ್ಯಾಂಕುಗಳು, ವಿಮಾ ಕಂಪನಿಗಳು, ಷೇರು ದಲ್ಲಾಳಿ ಸಂಸ್ಥೆಗಳನ್ನು ಆರಿಸಿಕೊಂಡ. ಸುಮಾರು 300 ಏಜೆಂಟರು ಹಲವು ರಾಜ್ಯಗಳಲ್ಲಿ ಆತನ ಪರ ಓಡಾಡಿದರು. ನೀಟಾಗಿ ಉಡುಪು ತೊಟ್ಟ, ಓದಿದ ಹುಡುಗರು ಕಚೇರಿಯ ಬಾಗಿಲಿಗೇ ಮಾಲು ತಲುಪಿಸಿ, ರಸೀದಿ ಕೊಟ್ಟು, ಬೆಲೆಯಲ್ಲಿ ರಿಯಾಯಿತಿಯನ್ನೂ ಕೊಡುತ್ತಿದ್ದರು. ಖಜಾನೆಯ ಮುಂದೆ ಸಾಲು ನಿಲ್ಲುವ ತಾಪತ್ರಯ ತಪ್ಪಿಸಿದವರನ್ನು ಯಾವ ಗುಮಾಸ್ತ ತಾನೇ ಪ್ರಶ್ನಿಸುತ್ತಾನೆ?

ಇನ್ನೊಂದು ಹತಾರವೂ ಇತ್ತು: ಅಭಾವ. ಖಜಾನೆಯಲ್ಲಿ ಛಾಪಾ ಕಾಗದ ಇಲ್ಲ ಎನ್ನುವ ದಿನಗಳು ಆಗ ಸಾಮಾನ್ಯವಾಗಿದ್ದವು. ಲಂಚ ಕೊಟ್ಟು ಅಸಲಿ ಕಾಗದದ ಸರಬರಾಜನ್ನೇ ತಡೆಹಿಡಿಯುವಂತೆ ಮಾಡಿ ಅಭಾವ ಸೃಷ್ಟಿಸಲಾಗುತ್ತಿತ್ತು ಎಂಬುದು ಆತನ ಮೇಲಿದ್ದ ಆರೋಪಗಳಲ್ಲೊಂದು. ಅಂಗಡಿಯಲ್ಲಿ ಅಕ್ಕಿ ಇಲ್ಲದಾಗ ಮನೆಬಾಗಿಲಿಗೆ ಬಂದ ಅಕ್ಕಿಯನ್ನು ಯಾರೂ ಜರಡಿ ಹಿಡಿಯುವುದಿಲ್ಲ. ತೆಲಗಿಯ ಮೋಡಿ ಇದ್ದುದು ಇಲ್ಲಿ. ಇಲ್ಲದ ವಸ್ತು ಆತನ ಬಳಿ ಸದಾ ಇರುತ್ತಿತ್ತು.

ಯಾರಿಗೂ ಗೊತ್ತಾಗದ ಮೋಸ

ಇಷ್ಟು ದೊಡ್ಡ ವಂಚನೆ ವರ್ಷಗಟ್ಟಲೆ ಏಕೆ ಪತ್ತೆಯಾಗಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಕಾಗದದ ಗುಣದಲ್ಲಿದೆ. ನಕಲಿ ನೋಟು ಕೈಯಿಂದ ಕೈಗೆ ಹೋಗಿ, ಒಂದಲ್ಲ ಒಂದು ದಿನ ಬ್ಯಾಂಕಿನ ಎಣಿಕೆಯ ಮೇಜಿಗೆ ಬಂದೇ ಬರುತ್ತದೆ. ಅಲ್ಲಿ ಅದನ್ನು ಬೆಳಕಿಗೆ ಹಿಡಿದು ನೋಡುವವರಿದ್ದಾರೆ. ಛಾಪಾ ಕಾಗದ ಹಾಗಲ್ಲ. ಒಮ್ಮೆ ಬರೆದು ಸಹಿ ಹಾಕಿದರೆ ಮನೆಯ ಟ್ರಂಕಿಗೋ ಬ್ಯಾಂಕಿನ ಲಾಕರಿಗೋ ಸೇರುತ್ತದೆ. ಮಕ್ಕಳ ಕಾಲಕ್ಕೆ ಆಸ್ತಿ ಪಾಲಾಗುವವರೆಗೆ ಅದನ್ನು ಹೊರತೆಗೆಯುವವರಿಲ್ಲ. ತೆಗೆದರೂ ಓದುವುದು ಬರಹವನ್ನು, ಚಕ್ಕುಬಂದಿಯನ್ನು, ಸಹಿಯನ್ನು, ಮೇಲಿನ ಮುದ್ರೆಯನ್ನಲ್ಲ. ಅಚ್ಚಾದ ಕಾಗದವೆಷ್ಟು, ಮಾರಾಟವಾದದ್ದೆಷ್ಟು, ಪತ್ರಗಳಲ್ಲಿ ಬಳಕೆಯಾದದ್ದೆಷ್ಟು ಎಂದು ತಾಳೆ ನೋಡುವ ಲೆಕ್ಕವೂ ಇರಲಿಲ್ಲ.

ಜೊತೆಗೆ, ಮೋಸ ಹೋದವರು ದೂರು ಕೊಡಲು ಅವರಿಗೆ ನಷ್ಟವಾಗಬೇಕು. ಇಲ್ಲಿ ಕೊಂಡವರಿಗೆ ಕಾಗದ ಸಿಕ್ಕಿತ್ತು, ವ್ಯವಹಾರ ನಡೆದಿತ್ತು. ನಷ್ಟವಾದದ್ದು ಸರ್ಕಾರದ ಬೊಕ್ಕಸಕ್ಕೆ. ಆದರೂ ನಕಲಿ ಕಾಗದ ಹೊಂದಿದವರು ಅಪಾಯದಿಂದ ದೂರವಿರಲಿಲ್ಲ. ಶುಲ್ಕ ಸಲ್ಲದ ದಸ್ತಾವೇಜನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಬಾಕಿ ಶುಲ್ಕ ಮತ್ತು ಅದರ ಹತ್ತು ಪಟ್ಟಿನವರೆಗೆ ದಂಡ ಕಟ್ಟಿದ ಮೇಲಷ್ಟೇ ಅದಕ್ಕೆ ಬೆಲೆ. ಇನ್ನು ಸರ್ಕಾರಿ ಮುದ್ರಾಂಕವನ್ನು ನಕಲು ಮಾಡಿದವನಿಗೆ ಭಾರತೀಯ ದಂಡ ಸಂಹಿತೆಯ 255ನೇ ಕಲಮಿನಲ್ಲಿ ಜೀವಾವಧಿಯವರೆಗೆ ಶಿಕ್ಷೆಯಿತ್ತು. ಆಡುಮಾತಿನಲ್ಲಿ ವಂಚಕನಿಗೆ ‘ನಾಲ್ನೂರಿಪ್ಪತ್ತು’ ಎಂಬ ಹೆಸರು ಕೊಟ್ಟ 420ನೇ ಕಲಮಿಗಿಂತ ಇದು ಬಹಳ ಕಠಿಣ.

ಬೆಂಗಳೂರಿನಲ್ಲಿ ಸಿಕ್ಕ ಎಳೆ

2000ದ ಆಗಸ್ಟ್‌ನಲ್ಲಿ ಬೆಂಗಳೂರು ಪೊಲೀಸರು ನಕಲಿ ಛಾಪಾ ಕಾಗದ ಸಾಗಿಸುತ್ತಿದ್ದವರನ್ನು ಹಿಡಿದರು. ಮೇಲ್ನೋಟಕ್ಕೆ ಅದು ಸಣ್ಣ ಪ್ರಕರಣ. ವಿಚಾರಣೆ ಮುಂದುವರಿದಂತೆ ಸಿಕ್ಕವರ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ ಎಂದು ಸರಪಳಿ ಬಿಚ್ಚಿಕೊಂಡು ಮುಂಬೈಯ ತೆಲಗಿಯವರೆಗೆ ಹೋಯಿತು. ಆತ ಕೈಗೆ ಸಿಕ್ಕಿದ್ದು ಒಂದು ವರ್ಷಕ್ಕೂ ಹೆಚ್ಚು ಕಾಲದ ನಂತರ. 2001ರ ನವೆಂಬರ್‌ನಲ್ಲಿ ರಾಜಸ್ಥಾನದ ಅಜ್ಮೀರಿಗೆ ಯಾತ್ರೆ ಹೋಗಿದ್ದಾಗ ಬಂಧಿಸಿ ಬೆಂಗಳೂರಿಗೆ ತರಲಾಯಿತು.

ಸಾಮಾನ್ಯ ಕಳ್ಳತನವಾಗಿದ್ದರೆ ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ತೆಲಗಿ ಒಳಗಿದ್ದರೂ ಹೊರಗೆ ನಕಲಿ ಮುದ್ರಾಂಕ ನಿಲ್ಲಲಿಲ್ಲ. ಕರ್ನಾಟಕ ಸರ್ಕಾರ ಈ ಒಂದೇ ಅಪರಾಧಕ್ಕಾಗಿ ವಿಶೇಷ ತಂಡ ರಚಿಸಿತು. ಛಾಪಾ ಕಾಗದ ಮತ್ತು ಮುದ್ರಾಂಕಗಳ ತನಿಖೆಗೆಂದೇ ಇದ್ದ ಆ ತಂಡಕ್ಕೆ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ‘ಸ್ಟಾಂಪಿಟ್’ ಎಂಬ ಹೆಸರು ಬಂತು. ಅದರ ಹೊಣೆ ಹೊತ್ತ ಆರ್. ಶ್ರೀಕುಮಾರ್ ಹಿಂದೆ ಸಿಬಿಐನಲ್ಲಿ ಕೆಲಸ ಮಾಡಿದ ಅನುಭವಿ. ಮುಂದೆ ಅವರು ರಾಜ್ಯದ ಪೊಲೀಸ್ ಮಹಾನಿರ್ದೇಶಕರಾದರು. ಆಮೇಲೆ ಕೇಂದ್ರ ಜಾಗೃತ ಆಯೋಗದಲ್ಲಿ ಜಾಗೃತ ಆಯುಕ್ತರೂ ಆದರು.

ಇಂಥ ತನಿಖೆಯ ಕಷ್ಟ ಬೇರೆಯೇ. ಕೊಲೆಯಾದರೆ ಶವವಿರುತ್ತದೆ, ಕಳವಾದರೆ ಒಡೆದ ಬೀಗವಿರುತ್ತದೆ. ಇಲ್ಲಿ ಸಾಕ್ಷ್ಯವೆಲ್ಲ ಊರೂರಿನ ಕಚೇರಿಗಳ ಕಪಾಟುಗಳಲ್ಲಿ ಅಸಲಿಯ ನಡುವೆ ಕೂತಿತ್ತು. ಕಾಗದವನ್ನು ಹೊರತೆಗೆದು, ತಜ್ಞರಿಂದ ಪರೀಕ್ಷಿಸಿ, ಅದು ಯಾರಿಂದ ಬಂತು, ಹಣ ಯಾರ ಖಾತೆಗೆ ಹೋಯಿತು ಎಂದು ಒಂದೊಂದನ್ನೇ ಹೆಣೆಯಬೇಕಿತ್ತು. ದಂಧೆ ಹತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಹರಡಿತ್ತು. ಒಂದು ರಾಜ್ಯದ ಪೊಲೀಸರ ಅಧಿಕಾರ ಗಡಿಯವರೆಗೆ ಮಾತ್ರ.

ಜೈಲಿನ ಫೋನು

ತನಿಖೆಗೆ ತಿರುವು ಕೊಟ್ಟಿದ್ದು ತೆಲಗಿಯ ಮಾತೇ. ಬೆಂಗಳೂರಿನ ಸೆರೆಮನೆಯಲ್ಲಿದ್ದುಕೊಂಡೇ ಆತ ಮೊಬೈಲ್ ಫೋನಿನಲ್ಲಿ ವ್ಯವಹಾರ ನಡೆಸುತ್ತಿದ್ದ. ಫೋನನ್ನು ಕಿತ್ತುಕೊಳ್ಳುವುದು ಸುಲಭವಿತ್ತು. ತನಿಖಾ ತಂಡ ಕಿತ್ತುಕೊಳ್ಳದೆ ಕೇಳಿಸಿಕೊಂಡಿತು. ಆ ಧ್ವನಿಮುದ್ರಿಕೆಗಳಲ್ಲಿ ಮಾಲು, ಹಣ, ಏಜೆಂಟರ ವಿಷಯವಷ್ಟೇ ಅಲ್ಲ, ಆತನಿಗೆ ನೆರವಾಗುತ್ತಿದ್ದವರ ಸುಳಿವೂ ಸಿಕ್ಕಿತು. ಮಾತಿನಿಂದ ಬೆಳೆದವನು ಮಾತಿನಿಂದಲೇ ತನ್ನ ವಿರುದ್ಧ ಸಾಕ್ಷಿ ಒದಗಿಸಿದ್ದ.

2003ರಲ್ಲಿ ಈ ಧ್ವನಿಮುದ್ರಿಕೆಗಳ ಸುದ್ದಿ ಹೊರಬಿದ್ದಾಗ ಹಗರಣ ದೇಶದ ಮುಖಪುಟಕ್ಕೆ ಬಂತು. ಮಹಾರಾಷ್ಟ್ರದಲ್ಲಿ ಅಣ್ಣಾ ಹಜಾರೆ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿದರು. ಅಲ್ಲಿಯೂ ವಿಶೇಷ ತಂಡ ರಚನೆಯಾಯಿತು. ಶಾಸಕರು, ಹಿರಿಯ ಪೊಲೀಸ್ ಅಧಿಕಾರಿಗಳು ಬಂಧನಕ್ಕೊಳಗಾದರು. ಅವರಲ್ಲಿ ಕೆಲವರನ್ನು ಮುಂದೆ ನ್ಯಾಯಾಲಯಗಳು ಆರೋಪಮುಕ್ತಗೊಳಿಸಿದವು. ರಾಜ್ಯಗಳ ಗಡಿ ದಾಟಿದ ಪ್ರಕರಣಕ್ಕೆ ಒಂದೇ ತನಿಖಾ ಸಂಸ್ಥೆ ಬೇಕೆಂಬುದು ಸ್ಪಷ್ಟವಾಗಿ, 2004ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಸಿಬಿಐ ಕೈಗೆತ್ತಿಕೊಂಡಿತು.

2003ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತೆಲಗಿಗೆ ಮಂಪರು ಪರೀಕ್ಷೆ ನಡೆಯಿತು. ಔಷಧದ ಅಮಲಿನಲ್ಲಿ ಆತ ತೊದಲುತ್ತ ಹೆಸರು ಹೇಳುವ ದೃಶ್ಯಗಳು ಟಿ.ವಿ.ಯಲ್ಲಿ ಮತ್ತೆ ಮತ್ತೆ ಬಂದವು. ಆದರೆ ಅಮಲಿನ ಮಾತು ಸಾಕ್ಷ್ಯವಾಗದು. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಯಾರಿಗೂ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದು ತೀರ್ಪಿತ್ತಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದೆಂಬ ಸಂವಿಧಾನದ 20ನೇ ವಿಧಿಯೇ ಅದಕ್ಕೆ ಆಧಾರ.

ಶಿಕ್ಷೆ ಮತ್ತು ಕೊನೆ

2007ರ ಜೂನ್ 28ರಂದು ಪುಣೆಯ ವಿಶೇಷ ನ್ಯಾಯಾಲಯ ತೆಲಗಿಗೆ 13 ವರ್ಷಗಳ ಕಠಿಣ ಸಜೆ ಮತ್ತು 202 ಕೋಟಿ ರೂಪಾಯಿ ದಂಡ ವಿಧಿಸಿತು. ಆ ಪ್ರಕರಣದಲ್ಲಿ ಆತ ತಪ್ಪೊಪ್ಪಿಕೊಂಡಿದ್ದ. ಬೆಂಗಳೂರಿನ ನ್ಯಾಯಾಲಯವೂ ಸೇರಿ ಬೇರೆ ನ್ಯಾಯಾಲಯಗಳಲ್ಲಿಯೂ ಶಿಕ್ಷೆಗಳಾದವು. ಕೊನೆಯ ವರ್ಷಗಳನ್ನು ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ಕಳೆದ. ಅಲ್ಲಿಯೂ ಆತನ ಹೆಸರು ಸುದ್ದಿಯಿಂದ ದೂರವಾಗಲಿಲ್ಲ: 2017ರ ಜುಲೈನಲ್ಲಿ ಆಗಿನ ಕಾರಾಗೃಹ ಡಿಐಜಿ ಡಿ. ರೂಪಾ ಸಲ್ಲಿಸಿದ ವರದಿಯಲ್ಲಿ ತೆಲಗಿಗೆ ವಿಶೇಷ ಸೌಲಭ್ಯ ಸಿಗುತ್ತಿದೆ ಎಂಬ ಆರೋಪವಿತ್ತು. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ತೆಲಗಿ ತೀರಿಕೊಂಡ.

ಆಮೇಲೂ ಒಂದು ತೀರ್ಪು ಬಾಕಿಯಿತ್ತು. 2018ರ ಡಿಸೆಂಬರ್ 31ರಂದು ನಾಸಿಕ್‌ನ ನ್ಯಾಯಾಲಯ ಅಲ್ಲಿದ್ದ ಒಂದು ಪ್ರಕರಣದಲ್ಲಿ ಸಾಕ್ಷ್ಯ ಸಾಲದೆಂದು ತೆಲಗಿ ಸೇರಿ ಆರೋಪಿಗಳನ್ನು ಖುಲಾಸೆ ಮಾಡಿತು. ಅಷ್ಟರಲ್ಲಿ ಆತ ಸತ್ತು ವರ್ಷ ದಾಟಿತ್ತು.

ದಂತಕಥೆ ಮತ್ತು ದಾಖಲೆ

ತೆಲಗಿ ಹಗರಣದ ಗಾತ್ರ 30,000 ಕೋಟಿ ರೂಪಾಯಿ ಎಂಬ ಅಂಕಿ ಪತ್ರಿಕೆಗಳಿಂದ ಪುಸ್ತಕಗಳಿಗೆ, ಅಲ್ಲಿಂದ ವೆಬ್ ಸರಣಿಗೆ ಹರಿದುಬಂದಿದೆ. ನ್ಯಾಯಾಲಯಗಳಲ್ಲಿ ಸಾಬೀತಾದದ್ದು ಅದರ ಸಣ್ಣ ಪಾಲು ಮಾತ್ರ. ವಂಚಕರ ಕಥೆಗಳಿಗೆ ಹೀಗೆ ಉಬ್ಬುವ ಗುಣವಿದೆ. ಮುಂಬೈಯ ಬಾರೊಂದರಲ್ಲಿ ಒಂದೇ ರಾತ್ರಿ ಸುಮಾರು ಕೋಟಿ ರೂಪಾಯಿ ಸುರಿದನೆಂಬ ಕಥೆ ಎಲ್ಲರ ನೆನಪಿನಲ್ಲಿದೆ; ಆತನ ಬಿಲ್ಲು, ರಸೀದಿ, ಬ್ಯಾಂಕ್ ಖಾತೆಗಳನ್ನು ತಿಂಗಳುಗಟ್ಟಲೆ ತಾಳೆ ನೋಡಿದವರ ಹೆಸರು ನೆನಪಿರುವವರು ಕಡಿಮೆ.

ಅಮೆರಿಕದ ಫ್ರಾಂಕ್ ಅಬಗ್ನೇಲ್‌ನ ಉದಾಹರಣೆ ಇದಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಹದಿಹರೆಯದಲ್ಲೇ ಪೈಲಟ್, ವೈದ್ಯ, ವಕೀಲನ ವೇಷ ಹಾಕಿ ಲಕ್ಷಗಟ್ಟಲೆ ಡಾಲರಿನ ನಕಲಿ ಚೆಕ್ಕು ಚಲಾಯಿಸಿದೆನೆಂದು ಆತ 1980ರ ತನ್ನ ಪುಸ್ತಕದಲ್ಲಿ ಹೇಳಿಕೊಂಡ. ಅದನ್ನು ಆಧರಿಸಿ 2002ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ‘ಕ್ಯಾಚ್ ಮಿ ಇಫ್ ಯೂ ಕ್ಯಾನ್’ ಚಿತ್ರ ಮಾಡಿದರು. ಚಿತ್ರದಲ್ಲಿ ಆತನ ಬೆನ್ನು ಬಿಡದ ಅಧಿಕಾರಿಗೆ ಎಫ್‌ಬಿಐನ ಜೋಸೆಫ್ ಶೇ ಮಾದರಿ. 2020ರಲ್ಲಿ ಲೇಖಕ ಅಲನ್ ಲೋಗನ್ ಹಳೆಯ ಜೈಲು, ನ್ಯಾಯಾಲಯದ ದಾಖಲೆಗಳನ್ನು ಕೆದಕಿ ಬೇರೆಯೇ ಸಂಗತಿ ಹೊರತೆಗೆದರು. ಆತ ದೇಶ ಸುತ್ತಿದೆನೆಂದ 1965ರಿಂದ 1968ರ ಬಹುಪಾಲು ಕಾಲ ನ್ಯೂಯಾರ್ಕ್ ರಾಜ್ಯದ ಸೆರೆಮನೆಯಲ್ಲಿದ್ದ. ಆತನ ಅತಿದೊಡ್ಡ ವಂಚನೆ ಚೆಕ್ಕಿನದಲ್ಲ, ಆತ್ಮಕಥೆಯದು. ತೆಲಗಿಯ ಛಾಪಾ ಕಾಗದದಂತೆ ಅದನ್ನೂ ಬಹಳ ಕಾಲ ಹೆಚ್ಚಿನವರು ತಾಳೆ ನೋಡದೆ ನಂಬಿದರು.

ಕಾಗದವನ್ನೇ ತೆಗೆದುಹಾಕಿದ ಪರಿಹಾರ

ಹಗರಣದ ನಂತರ ಸರ್ಕಾರಗಳು ಕಂಡುಕೊಂಡ ಮದ್ದು ಇನ್ನಷ್ಟು ಗಟ್ಟಿ ಮುದ್ರೆಯಲ್ಲ. ಮುದ್ರೆಗೆ ಬೆಲೆಯಿರುವ ಪದ್ಧತಿಯನ್ನೇ ಬಿಡುವುದು. ಕರ್ನಾಟಕ 2003ರಲ್ಲಿ ಛಾಪಾ ಕಾಗದದ ಮಾರಾಟ ನಿಲ್ಲಿಸಿ, ಶುಲ್ಕವನ್ನು ಡಿ.ಡಿ., ಫ್ರಾಂಕಿಂಗ್ ಮೊದಲಾದ ದಾರಿಯಲ್ಲಿ ಕಟ್ಟಿಸಿಕೊಂಡು, ಪತ್ರ ಬರೆಯಲು ಅಲ್ಪ ಬೆಲೆಯ ‘ಡಾಕ್ಯುಮೆಂಟ್ ಶೀಟ್’ ಕೊಡುವ ಕ್ರಮ ತಂದಿತು. ಕದ್ದರೂ ನಕಲಿಸಿದರೂ ಆ ಹಾಳೆಯಿಂದ ಲಾಭವಿಲ್ಲ. ಷೇರುಗಳು ಕಾಗದದಿಂದ ಡಿಮ್ಯಾಟ್ ಖಾತೆಗೆ ಹೋದಂತೆ ಷೇರು ವರ್ಗಾವಣೆಯ ಮುದ್ರಾಂಕವೂ ಮೂಲೆ ಸೇರಿತು.

ನಂತರ ಬಂದದ್ದು ಇ-ಸ್ಟಾಂಪ್. ಸ್ಟಾಕ್ ಹೋಲ್ಡಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ ನಡೆಸುವ ಈ ವ್ಯವಸ್ಥೆಯಲ್ಲಿ ಬೆಲೆಯಿರುವುದು ಕಾಗದಕ್ಕಲ್ಲ, ಕಂಪ್ಯೂಟರಿನಲ್ಲಿ ದಾಖಲಾದ ಸಂಖ್ಯೆಗೆ. ಪ್ರತಿ ಪ್ರಮಾಣಪತ್ರಕ್ಕೂ ಬೇರೆ ಸಂಖ್ಯೆ. ಕರ್ನಾಟಕದ್ದಾದರೆ ಅದು ‘ಐಎನ್-ಕೆಎ’ ಎಂದು ಶುರುವಾಗುತ್ತದೆ. ಹಣ ಕಟ್ಟಿದವರು ಯಾರು, ಎರಡನೇ ಪಕ್ಷದವರು ಯಾರು, ಯಾವ ಉದ್ದೇಶಕ್ಕೆ, ಎಷ್ಟು ಮೊತ್ತ, ಯಾವ ದಿನ ಎಂಬುದೆಲ್ಲ ಅದರಲ್ಲೇ ಇರುತ್ತದೆ.

ಹಾಗೆಂದು ನಕಲು ನಿಂತಿಲ್ಲ. ಒಬ್ಬರ ಇ-ಸ್ಟಾಂಪನ್ನು ಸ್ಕ್ಯಾನ್ ಮಾಡಿ ಹೆಸರು ತಿದ್ದಿ ಇನ್ನೊಬ್ಬರಿಗೆ ಮಾರಿದ ಪ್ರಕರಣಗಳಿವೆ. ವ್ಯತ್ಯಾಸವೆಂದರೆ, ತೆಲಗಿಯ ಕಾಲದಲ್ಲಿ ಅಸಲಿ ಯಾವುದೆಂದು ತಿಳಿಯಲು ಪ್ರಯೋಗಾಲಯ ಬೇಕಿತ್ತು. ಈಗ ಮೊಬೈಲ್ ಸಾಕು. ಬಾಡಿಗೆ ಕರಾರಿಗೋ ಮುಂಗಡ ಕರಾರಿಗೋ ಸ್ಟಾಕ್ ಹೋಲ್ಡಿಂಗ್ ಸಂಸ್ಥೆಯ ಇ-ಸ್ಟಾಂಪ್ ಪಡೆದವರು ಸಹಿ ಹಾಕುವ ಮುನ್ನ ಆ ಸಂಸ್ಥೆಯ ಜಾಲತಾಣ ಅಥವಾ ಆ್ಯಪ್‌ನಲ್ಲಿ ಪ್ರಮಾಣಪತ್ರದ ಸಂಖ್ಯೆ, ದಿನಾಂಕ ಮೊದಲಾದ ವಿವರ ನಮೂದಿಸಿ ನೋಡಬೇಕು. ತೆರೆಯ ಮೇಲೆ ಬರುವ ಹೆಸರು, ಉದ್ದೇಶ, ಮೊತ್ತ ಮೂರೂ ಕೈಯಲ್ಲಿರುವ ಕಾಗದದ ಜೊತೆ ಹೊಂದಬೇಕು. ಒಂದು ಹೊಂದದಿದ್ದರೂ ಆ ಕಾಗದದ ಮೇಲೆ ಸಹಿ ಹಾಕದೆ, ಸಂಬಂಧಪಟ್ಟ ಉಪನೋಂದಣಾಧಿಕಾರಿ ಕಚೇರಿಗೆ ತೋರಿಸುವುದು ಕ್ಷೇಮ.